ಹ್ಯಾಲಿಫ್ಯಾಕ್ಸ್‌ನಲ್ಲಿ ಕೊನೆಯ ಕಾರ್ವೆಟ್: ಎಚ್‌ಎಂಸಿಎಸ್ ಸ್ಯಾಕ್‌ವಿಲ್ ನೋಡ್ಕೊಂಡು ಬಂದ್ವಿ

ಗುರುವಾರ

ಟೊರೊಂಟೊ ಕಡೆಯಿಂದ ಕೆನಡಾದ ಪೂರ್ವ ಕರಾವಳಿಯ ಹ್ಯಾಲಿಫ್ಯಾಕ್ಸ್‌ಗೆ ರಸ್ತೇಲಿ ಸುಮಾರು 1,800 ಕಿಲೋಮೀಟರ್. ಫ್ಲೈಟಲ್ಲಿ ಹೋದ್ರೆ ಎರಡು ಗಂಟೆ ಚಿಲ್ಲರೆ ಅಷ್ಟೇ, ಆದ್ರೆ ನಮಗೆ ದಾರೀಲಿ ಎರಡು ಊರು ನೋಡ್ಲೇಬೇಕಿತ್ತು, ಒಂದು ಸ್ಯಾಕ್‌ವಿಲ್ ಅನ್ನೋ ಹಡಗು ಕಟ್ಟಿದ ಊರು, ಇನ್ನೊಂದು ಅದಕ್ಕೆ ಹೆಸರು ಕೊಟ್ಟ ಊರು, ಅದಕ್ಕೇ ಕಾರಲ್ಲೇ ಹೊರಟ್ವಿ. ನಾನು, ನನ್ನ ಹೆಂಡ್ತಿ, ಮಗಳು, ಜೊತೆಗೆ ಮೈಸೂರಿಂದ ಬೇಸಿಗೆಗೆ ಬಂದಿರೋ ನಮ್ಮ ಮಾವ. ಮಾವ ಅಶೋಕಪುರಂ ರೈಲ್ವೆ ವರ್ಕ್‌ಶಾಪಲ್ಲಿ ಫಿಟ್ಟರ್ ಆಗಿದ್ದವ್ರು, ಸ್ಟೀಮ್ ಎಂಜಿನ್ ಅಂದ್ರೆ ಈಗ್ಲೂ ಪ್ರಾಣ. ಎರಡನೇ ಮಹಾಯುದ್ಧದ ಕಾರ್ವೆಟ್, ಅಂದ್ರೆ ಪುಟ್ಟ ಬೆಂಗಾವಲು ಹಡಗೊಂದು ಮ್ಯೂಸಿಯಂ ಆಗಿದೆ, ಅದರಲ್ಲಿ ಹಳೇ ಸ್ಟೀಮ್ ಎಂಜಿನ್ ಹಾಗೇ ಇದೆ ಅಂತ ನಾನು ಒಂದ್ಸಲ ಬಾಯಿಬಿಟ್ಟಿದ್ದೇ ತಡ, "ಅಳಿಯಂದ್ರೇ, ನಯಾಗರ ಎಲ್ಲೂ ಹೋಗಲ್ಲ, ಮೊದ್ಲು ಅಲ್ಲಿಗೆ ಕರ್ಕೊಂಡು ಹೋಗಿ" ಅಂದ್ರು.

ಹೆದ್ದಾರಿ ಬಗ್ಗೆ ಬರೆಯೋಕೆ ಏನಿಲ್ಲ. ಮನೇಲಿ ಮಾಡ್ಕೊಂಡಿದ್ದ ಪುಳಿಯೋಗರೆ ಕಿಂಗ್‌ಸ್ಟನ್ ಹತ್ರ ಖಾಲಿ, ಮಾಂಟ್ರಿಯಲ್ ದಾಟೋಕೆ ಟ್ರಾಫಿಕ್, ರಾತ್ರಿ ಕ್ವಿಬೆಕ್ ಸಿಟೀಲಿ ಮಲಗಿದ್ವಿ.

ಶುಕ್ರವಾರ

ಬೆಳಗ್ಗೆ ಬೇಗ ಹೊರಟು ಸೇಂಟ್ ಲಾರೆನ್ಸ್ ನದಿ ಪಕ್ಕದಲ್ಲೇ ಹೋಗಿ ಆಮೇಲೆ ದಕ್ಷಿಣಕ್ಕೆ ತಿರುಗಿ ನ್ಯೂ ಬ್ರನ್ಸ್‌ವಿಕ್ ಸೇರಿದ್ವಿ. ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ. ಇಡೀ ದಿನ ಕಾಡು, ನದಿ, ಮತ್ತೆ ಕಾಡು. ಸಂಜೆ ಸೇಂಟ್ ಜಾನ್.

ಸೇಂಟ್ ಜಾನ್‌ಗೆ ಬರೋರೆಲ್ಲ ರಿವರ್ಸಿಂಗ್ ಫಾಲ್ಸ್ ನೋಡೋಕೆ ಬರ್ತಾರೆ. ಫಂಡಿ ಕೊಲ್ಲಿಯ ಭರತ ಇಲ್ಲಿ ಎಂಟು ಮೀಟರ್‌ವರೆಗೂ ಏರೋದ್ರಿಂದ ಸಮುದ್ರದ ನೀರೇ ನದಿಯನ್ನ ಹಿಂದಕ್ಕೆ ತಳ್ಳುತ್ತೆ, ನೋಡೋಕೆ ನಿಜವಾಗ್ಲೂ ಚೆನ್ನಾಗಿದೆ. ಆದ್ರೆ ನಾನು ಬಂದಿದ್ದು ಹಡಗುಕಟ್ಟೆ ಇದ್ದ ಕಡೆ ಒಂದ್ಸಲ ನಿಂತ್ಕೊಂಡು ನೋಡೋಕೆ. ಆ ಯಾರ್ಡ್ ಈಗ ಮುಚ್ಚಿ ವರ್ಷಗಳಾಗಿವೆ. 1940ರ ಮೇ 28ಕ್ಕೆ ಸ್ಯಾಕ್‌ವಿಲ್‌ನ ಕೀಲ್, ಅಂದ್ರೆ ಹಡಗಿನ ತಳದ ಬೆನ್ನೆಲುಬು, ಇಟ್ಟಿದ್ದು ಇಲ್ಲೇ, 1941ರ ಮೇ 15ಕ್ಕೆ ನೀರಿಗಿಳಿಸಿದ್ರು, ಡಿಸೆಂಬರ್ 30ಕ್ಕೆ ನೌಕಾಪಡೆಗೆ ಸೇರ್ತು.

ಆ ಹೊತ್ತಿನ ಪರಿಸ್ಥಿತಿ ಸ್ವಲ್ಪ ಹೇಳ್ಬೇಕು. ಬ್ರಿಟನ್ ಅನ್ನೋದು ದ್ವೀಪ, ಗೋಧಿ, ಎಣ್ಣೆ, ಕಬ್ಬಿಣ, ಮದ್ದುಗುಂಡು ಎಲ್ಲ ಅಟ್ಲಾಂಟಿಕ್ ದಾಟಿ ಬರ್ಬೇಕು, ಆ ದಾರೀನ ಕತ್ತರಿಸಿದ್ರೆ ಯುದ್ಧ ಮುಗೀತು ಅಂತ ಜರ್ಮನ್ ಸಬ್‌ಮರೀನ್‌ಗಳು, ಅಂದ್ರೆ ಯು-ಬೋಟ್‌ಗಳು, ಕಾದು ಕೂತಿದ್ವು. ಸರಕು ಹಡಗುಗಳನ್ನ ಗುಂಪು ಕಟ್ಟಿ ಕಾನ್ವಾಯ್ ಮಾಡಿ ಕಳಿಸಿದ್ರೆ ಬೆಂಗಾವಲಿಗೆ ಹಡಗು ಬೇಕು, ಆದ್ರೆ 1939ರಲ್ಲಿ ಕೆನಡಾ ನೌಕಾಪಡೇಲಿ ಇದ್ದಿದ್ದೇ 6 ಡಿಸ್ಟ್ರಾಯರ್, ಅಂದ್ರೆ ವೇಗವಾಗಿ ಓಡೋ ಯುದ್ಧನೌಕೆ. ಡಿಸ್ಟ್ರಾಯರ್ ಕಟ್ಟೋಕೆ ದೊಡ್ಡ ಯಾರ್ಡ್ ಬೇಕು, ಟರ್ಬೈನ್ ಬೇಕು, ವರ್ಷಗಟ್ಟಲೆ ಟೈಮ್ ಬೇಕು, ಅದ್ಯಾವ್ದೂ ಇರ್ಲಿಲ್ಲ. ಇಂಗ್ಲೆಂಡಿನ ಸ್ಮಿತ್ಸ್ ಡಾಕ್ ಕಂಪನಿಯ ವಿಲಿಯಂ ರೀಡ್ ಅನ್ನೋ ಡಿಸೈನರ್ ತಿಮಿಂಗಿಲ ಬೇಟೆಯ ಹಡಗೊಂದನ್ನೇ ಆಧಾರ ಮಾಡ್ಕೊಂಡು, ಯಾವ ಸಣ್ಣ ಯಾರ್ಡ್ ಬೇಕಾದ್ರೂ ಕಟ್ಟಬಹುದಾದ, ಸಾದಾ ಸ್ಟೀಮ್ ಎಂಜಿನ್ ಇರೋ ಒಂದು ಪುಟ್ಟ ಹಡಗಿನ ನಕ್ಷೆ ಕೊಟ್ರು. ಅದೇ ಫ್ಲವರ್ ಕ್ಲಾಸ್ ಕಾರ್ವೆಟ್. ಈ ತರದ್ದು 250ಕ್ಕೂ ಹೆಚ್ಚು ಕಟ್ಟಿದ್ರು. ಈಗ ಉಳಿದಿರೋದು ಸ್ಯಾಕ್‌ವಿಲ್ ಒಂದೇ.

ಶನಿವಾರ

ಮಧ್ಯಾಹ್ನಕ್ಕೆ ಸ್ಯಾಕ್‌ವಿಲ್ ಅನ್ನೋ ಊರು. ಟ್ಯಾಂಟ್ರಮಾರ್ ಜೌಗು ಬಯಲಿನ ಅಂಚಲ್ಲಿರೋ ಪುಟ್ಟ ಊರು, ಕಣ್ಣು ಹಾಯಿಸಿದಷ್ಟೂ ಹುಲ್ಲು, ಬಾತುಕೋಳಿಗಳಿಗೆ ಅಂತಲೇ ಒಂದು ಪಾರ್ಕು, ಮೌಂಟ್ ಆಲಿಸನ್ ಯೂನಿವರ್ಸಿಟಿ, ಒಂದು ಮೇನ್ ರೋಡು. ಬ್ರಿಟಿಷರು ತಮ್ಮ ಕಾರ್ವೆಟ್‌ಗಳಿಗೆ ಮಾರಿಗೋಲ್ಡ್, ಸನ್‌ಫ್ಲವರ್ ಅಂತ ಹೂವಿನ ಹೆಸರಿಟ್ರೆ ಕೆನಡಾದವ್ರು ತಮ್ಮ ಸಣ್ಣ ಸಣ್ಣ ಊರುಗಳ ಹೆಸರಿಟ್ರು. ಹಡಗಿಗೆ ತಮ್ಮ ಊರಿನ ಹೆಸರಿದೆ ಅಂದ್ಮೇಲೆ ಆ ಊರಿನ ಹೆಂಗಸರು ಉಣ್ಣೆ ಸಾಕ್ಸು, ಸ್ವೆಟರ್ ಹೆಣೆದು ಹಡಗಿನ ಹುಡುಗರಿಗೆ ಕಳಿಸೋರು. ಇದು ನನಗೆ ಬಹಳ ಹಿಡಿಸ್ತು. ಎಷ್ಟೋ ಹುಡುಗರು ಗೋಧಿ ಹೊಲದ ಕಡೆಯಿಂದ ಬಂದೋರು, ನೌಕಾಪಡೆ ಸೇರೋವರೆಗೂ ಸಮುದ್ರಾನೇ ನೋಡಿರ್ಲಿಲ್ಲ.

ಕಾಫಿ ಕುಡೀತಾ ಮಾವಂಗೆ ಒಂದು ವಿಷಯ ಹೇಳ್ದೆ. ಯುದ್ಧದ ಕೊನೇಲಿ ರಾಯಲ್ ಇಂಡಿಯನ್ ನೇವಿಗೂ ಇದೇ ಕ್ಲಾಸಿನ ನಾಲ್ಕು ಕಾರ್ವೆಟ್ ಬಂದಿದ್ವು, ಅಸ್ಸಾಂ, ಗೊಂಡ್ವಾನಾ, ಮಹ್ರಾಟ್ಟಾ, ಸಿಂಧ್ ಅಂತ ಹೆಸರು. "ಒಂದನ್ನಾದ್ರೂ ಇಟ್ಕೋಬೇಕಿತ್ತಲ್ರೀ" ಅಂದ್ರು ಮಾವ. ನನಗೂ ಹಾಗೇ ಅನ್ಸಿದ್ದು. ಕಾರವಾರದ ಬೀಚಲ್ಲಿ ಐಎನ್‌ಎಸ್ ಚಪಲ್ ಇಟ್ಟಿದಾರಲ್ಲ, ಆ ಮಿಸೈಲ್ ಬೋಟ್ ಒಳಗೆ ಹೋಗಿ ಬಂದ ಮಕ್ಕಳು ಅದನ್ನ ಮರೆಯಲ್ಲ.

ಸಂಜೆ ಹ್ಯಾಲಿಫ್ಯಾಕ್ಸ್ ಸೇರಿ ನೇರ ಹೋಟೆಲ್.

ಭಾನುವಾರ

ಹ್ಯಾಲಿಫ್ಯಾಕ್ಸ್ ವಾಟರ್‌ಫ್ರಂಟ್ ಉದ್ದಕ್ಕೂ ಮರದ ಹಲಗೆಯ ನಡೆದಾರಿ, ಅದರಲ್ಲಿ ಹೋಗ್ತಾ ಹೋಗ್ತಾ ಮ್ಯಾರಿಟೈಮ್ ಮ್ಯೂಸಿಯಂ ಹತ್ರ ಎರಡು ಹಳೇ ಹಡಗು ಕಾಣುತ್ವೆ. ಒಂದು 1913ರ ಅಕೇಡಿಯಾ, ಸರ್ವೆ ಹಡಗು. ಇನ್ನೊಂದು ಬಿಳಿ ಮೈಮೇಲೆ ತಿಳಿ ನೀಲಿ ಪಟ್ಟೆ ಬಳಿದ ಸ್ಯಾಕ್‌ವಿಲ್, ಮೂತೀಲಿ ಕೆ181 ಅಂತ ನಂಬರ್. ಆ ಬಣ್ಣ ಚೆಂದಕ್ಕಲ್ಲ, ಉತ್ತರ ಅಟ್ಲಾಂಟಿಕ್‌ನ ಮಂಜು ಬೆಳಕಲ್ಲಿ ಹಡಗು ಬೇಗ ಕಣ್ಣಿಗೆ ಬೀಳದೇ ಇರ್ಲಿ ಅಂತ.

ಮೊದಲು ಅನ್ಸೋದು, ಇಷ್ಟು ಚಿಕ್ಕದಾ? ಉದ್ದ 205 ಅಡಿ, ಅಗಲ 33 ಅಡಿ. ಪಕ್ಕದಲ್ಲಿ ನಿಂತಿರೋ ಟೂರಿಸ್ಟ್ ದೋಣಿಗಳ ನಡುವೆ ದೊಡ್ಡದಾಗಿ ಕಾಣುತ್ತೆ, ಆದ್ರೆ ಇದನ್ನ ಜನವರಿಯಲ್ಲಿ ನ್ಯೂಫೌಂಡ್‌ಲ್ಯಾಂಡ್ ಮತ್ತೆ ಐರ್ಲೆಂಡ್ ನಡುವೆ ಊಹಿಸ್ಕೊಂಡ್ರೆ ಎದೆ ಝಲ್ ಅನ್ನುತ್ತೆ. ಕಾರ್ವೆಟ್ ಒದ್ದೆ ಹುಲ್ಲಿನ ಮೇಲೆ ಇಟ್ರೂ ಹೊರಳಾಡುತ್ತೆ ಅಂತ ನಾವಿಕರು ಆಗ ಹೇಳ್ತಿದ್ರಂತೆ. ಮುಳುಗದೇ ಇರೋದ್ರಲ್ಲಿ ಗಟ್ಟಿ, ಆದ್ರೆ ಒಳಗಿರೋರಿಗೆ ನರಕ.

ನಮ್ಮನ್ನ ಕರ್ಕೊಂಡು ಹೋದ ಗೈಡ್ ನೌಕಾಪಡೆಯಿಂದ ರಿಟೈರ್ ಆದ ಹಿರಿಯರು, ನಿಧಾನಕ್ಕೆ ಮಾತಾಡೋರು. ಮೊದಲು ಮುಂಭಾಗದ ಮೆಸ್‌ಡೆಕ್. ಹುಡುಗರು ಉಣ್ಣೋದು, ಮಲಗೋದು, ಬಟ್ಟೆ ಒಣಗ್ಸೋದು ಎಲ್ಲ ಅದೇ ಜಾಗದಲ್ಲಿ. ತೂಗುಮಂಚ ಕಟ್ಟೋ ಕೊಕ್ಕೆಗಳು ಚಾವಣೀಲಿ ಸಾಲಾಗಿವೆ, ನನ್ನ ಮಗಳು ಎರಡು ಕೊಕ್ಕೆ ನಡುವಿನ ಜಾಗಾನ ಗೇಣಲ್ಲಿ ಅಳೆದು "ಅಪ್ಪಾ, ಇಷ್ಟರಲ್ಲಿ ಮಗ್ಗುಲು ಹೇಗೆ ಬದಲಾಯಿಸ್ತಿದ್ರು?" ಅಂತ ಕೇಳಿದ್ಳು. ಹಡಗಲ್ಲಿ 85ರ ಆಸುಪಾಸು ಜನ, ನಕ್ಷೆ ಮಾಡ್ದಾಗ ಅಂದುಕೊಂಡಿದ್ದಕ್ಕಿಂತ ಎಷ್ಟೋ ಜಾಸ್ತಿ, ಯಾಕಂದ್ರೆ ಹೊಸ ಹೊಸ ಉಪಕರಣ ಬಂದ ಹಾಗೆಲ್ಲ ಅದನ್ನ ನೋಡ್ಕೊಳ್ಳೋಕೆ ಜನಾನೂ ಬಂದ್ರು. ಮೊದಮೊದಲಿನ ಕಾರ್ವೆಟ್‌ಗಳಲ್ಲಿ ಅಡುಗೆಮನೆ ಹಿಂದೆ, ಮೆಸ್ ಮುಂದೆ, ನಡುವೆ ತೆರೆದ ಡೆಕ್, ಅಂದ್ರೆ ಒಬ್ಬ ಹುಡುಗ ಬಿಸಿ ಊಟದ ಪಾತ್ರೆ ಹಿಡ್ಕೊಂಡು ಅಲೆ ಬಡಿಯೋ ಡೆಕ್ ದಾಟಿ ಬರೋ ಹೊತ್ತಿಗೆ ಅದು ತಣ್ಣಗಾಗಿ ಉಪ್ಪುನೀರು ಬೇರೆ ಸೇರಿರೋದು. ಬ್ರೆಡ್ಡು ಕೆಲವೇ ದಿನಕ್ಕೆ ಬೂಸಲು, ಆಮೇಲೆ ಗಟ್ಟಿ ಬಿಸ್ಕೆಟ್ಟು, ಡಬ್ಬಿ ಮಾಂಸ. ಸ್ಯಾಕ್‌ವಿಲ್‌ನೂ ಮೊದಲು ಹಾಗೇ ಕಟ್ಟಿದ್ದು, 1944ರಲ್ಲಿ ಟೆಕ್ಸಸ್‌ನ ಗಾಲ್ವೆಸ್ಟನ್‌ನಲ್ಲಿ ರಿಪೇರಿಗೆ ನಿಂತಾಗ ಮುಂಭಾಗದ ಮೇಲ್ಛಾವಣಿಯನ್ನ ಹಿಂದಕ್ಕೆ ಉದ್ದ ಮಾಡಿದ್ರು, ಆಗ ಸ್ವಲ್ಪ ಒಣಗಿದ ಜಾಗ ಸಿಕ್ತು. ಈಗ ನಾವು ನೋಡೋ ರೂಪ ಆ 1944ರದ್ದು.

ಮೇಲೆ ಬ್ರಿಡ್ಜ್. ಛಾವಣಿ ಇಲ್ಲ. ಮಳೆ, ಹಿಮ, ಅಲೆ ಎಲ್ಲ ಮೈಮೇಲೇ. ಕ್ಯಾಪ್ಟನ್ ಇಲ್ಲಿ ನಿಂತು ಹಿತ್ತಾಳೆ ಕೊಳವೇಲಿ ಕೂಗಿದ್ರೆ ಕೆಳಗೆ ಚುಕ್ಕಾಣಿ ಹಿಡಿದವ್ನು ತಿರುಗಿಸ್ಬೇಕು. ಮಗಳು ಕೊಳವೆಗೆ ಬಾಯಿಟ್ಟು ಅಜ್ಜಾ ಅಂತ ಕೂಗಿದ್ಳು, ಕೆಳಗಿಂದ ಮಾವ ಓ ಅಂದಿದ್ದು ಪಕ್ಕದಲ್ಲೇ ಇದ್ದ ಹಾಗೆ ಸ್ಪಷ್ಟವಾಗಿ ಕೇಳ್ತು, ಬ್ಯಾಟರಿ ಇಲ್ಲ, ವೈರ್ ಇಲ್ಲ, ಎಂಬತ್ತು ವರ್ಷ ಆದ್ರೂ ಕೆಲ್ಸ ಮಾಡ್ತಿದೆ.

ಬ್ರಿಡ್ಜ್ ಮೇಲೇ ಅಸ್ಡಿಕ್ ಗುಡಿಸಲು. ಅಸ್ಡಿಕ್ ಅಂದ್ರೆ ಇವತ್ತಿನ ಸೋನಾರ್. ನೀರೊಳಗೆ ಶಬ್ದ ಕಳಿಸಿ, ಅದು ಸಬ್‌ಮರೀನ್‌ಗೆ ತಾಗಿ ವಾಪಸ್ ಬಂದ್ರೆ ದಿಕ್ಕು, ದೂರ ಗೊತ್ತಾಗುತ್ತೆ. ಒಬ್ಬ ಹುಡುಗ ಗಂಟೆಗಟ್ಟಲೆ ಹೆಡ್‌ಫೋನ್ ಹಾಕ್ಕೊಂಡು ಕೂತು ಆ ಪಿಂಗ್ ಪಿಂಗ್ ನಡುವೆ ಸಬ್‌ಮರೀನ್ ಯಾವ್ದು, ಮೀನಿನ ಹಿಂಡು ಯಾವ್ದು ಅಂತ ಕಿವೀಲೇ ಬೇರೆ ಮಾಡ್ಬೇಕು. ಇಲ್ಲಿ ಒಂದು ದೊಡ್ಡ ತೊಂದ್ರೆ. ಹಡಗು ಸಬ್‌ಮರೀನ್ ಮೇಲೆ ಬರ್ತಿದ್ದ ಹಾಗೆ ಅಸ್ಡಿಕ್‌ಗೆ ಅದು ಕೇಳಿಸೋದೇ ನಿಂತೋಗುತ್ತೆ, ಡೆಪ್ತ್ ಚಾರ್ಜ್, ಅಂದ್ರೆ ನೀರೊಳಗೆ ಸಿಡಿಯೋ ಬಾಂಬು, ಬೀಳೋದು ಹಡಗಿನ ಹಿಂದಿನಿಂದ, ಅಂದ್ರೆ ಕೊನೇ ಕ್ಷಣಗಳಲ್ಲಿ ಪೂರ್ತಿ ಅಂದಾಜಿನ ಮೇಲೆ ಹಾಕೋದು. ಅಷ್ಟರಲ್ಲಿ ಜಾಣ ಯು-ಬೋಟ್ ಕ್ಯಾಪ್ಟನ್ ಪಕ್ಕಕ್ಕೆ ಸರಿದಿರ್ತಾನೆ. ಇದಕ್ಕೇ ಆಮೇಲೆ ಹೆಜ್‌ಹಾಗ್ ಬಂದಿದ್ದು, 24 ಸಣ್ಣ ಬಾಂಬನ್ನ ಒಟ್ಟಿಗೆ ಹಡಗಿನ ಮುಂದಕ್ಕೆ ಎಸೆಯುತ್ತೆ, ಅಸ್ಡಿಕ್ ಹಿಡಿತ ತಪ್ಪೋಕೆ ಮುಂಚೇನೇ. ಅದು ತಾಗಿದ್ರೆ ಮಾತ್ರ ಸಿಡಿಯುತ್ತೆ, ತಾಗದಿದ್ರೆ ಸದ್ದಿಲ್ಲ, ಹಾಗಾಗಿ ನೀರು ಕಲಕಿ ಅಸ್ಡಿಕ್ ಕೆಡಲ್ಲ.

ಹಿಂಭಾಗದಲ್ಲಿ ಡೆಪ್ತ್ ಚಾರ್ಜ್ ಹಳಿಗಳು. ಎಣ್ಣೆ ಡ್ರಮ್ ತರ ಇರೋ ಒಂದೊಂದರಲ್ಲೂ 130 ಕಿಲೋ ಆಸುಪಾಸು ಸ್ಫೋಟಕ. ಎಷ್ಟು ಆಳಕ್ಕೆ ಸಿಡೀಬೇಕು ಅನ್ನೋದನ್ನ ಮೊದ್ಲೇ ಸೆಟ್ ಮಾಡ್ತಾರೆ, ನೀರಿನ ಒತ್ತಡ ಅಷ್ಟಾದಾಗ ಅದರೊಳಗಿರೋ ಪಿಸ್ತೂಲು ಅನ್ನೋ ಸಿಡಿಸೋ ಸಾಧನ ತಾನೇ ಹೊಡ್ಕೊಳ್ಳುತ್ತೆ. ಕತ್ತಲಲ್ಲಿ, ಹೊಯ್ದಾಡೋ ಡೆಕ್ ಮೇಲೆ, ಹಿಮಗಟ್ಟಿದ ಕೈಲಿ ಆ ಡ್ರಮ್ಮುಗಳನ್ನ ಹಗ್ಗ ರಾಟೆ ಹಾಕಿ ಮತ್ತೆ ಲೋಡ್ ಮಾಡ್ಬೇಕಿತ್ತು ಅಂತ ಗೈಡ್ ಹೇಳ್ತಾ ಹಳಿ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ಸುಮ್ನಾದ್ರು.

ಸ್ಯಾಕ್‌ವಿಲ್‌ನ ದೊಡ್ಡ ಕಾಳಗ 1942ರ ಆಗಸ್ಟ್‌ನಲ್ಲಿ, ಓಎನ್ 115 ಅನ್ನೋ ಕಾನ್ವಾಯ್ ಜೊತೆ. ಕ್ಯಾಪ್ಟನ್ ಅಲನ್ ಈಸ್ಟನ್, ಸರಕು ಹಡಗಿನ ಕೆಲಸದಿಂದ ಬಂದ ರಿಸರ್ವ್ ಅಧಿಕಾರಿ. ದಟ್ಟ ಮಂಜು. ಆಗಸ್ಟ್ 3ಕ್ಕೆ ಯು-552 ಎದುರಿಗೆ ಸಿಕ್ತು, ಹಿಂದಿನ ವರ್ಷ ಅಮೆರಿಕದ ರೂಬೆನ್ ಜೇಮ್ಸ್ ಡಿಸ್ಟ್ರಾಯರನ್ನ ಮುಳುಗಿಸಿದ್ದು ಇದೇ ಯು-ಬೋಟ್. ಸ್ಯಾಕ್‌ವಿಲ್‌ನ 4 ಇಂಚಿನ ಫಿರಂಗಿ ಗುಂಡು ನೇರ ತಾಗಿ ಅದು ಜಖಂ ಆಗಿ ಹೆಂಗೋ ತಪ್ಪಿಸ್ಕೊಂಡು ಊರಿಗೆ ಹೋಯ್ತು. ಯು-43ಗೂ ಡೆಪ್ತ್ ಚಾರ್ಜಲ್ಲಿ ಪೆಟ್ಟು. ಎರಡೂ ಮುಳುಗ್ಲಿಲ್ಲ. ಆದ್ರೆ ನನ್ನ ಪ್ರಕಾರ ಬೆಂಗಾವಲಿನ ಲೆಕ್ಕಾನೇ ಬೇರೆ. ಪೆಟ್ಟು ತಿಂದು ಮನೆಗೆ ಹೋದ ಯು-ಬೋಟ್ ಆ ಕಾನ್ವಾಯ್‌ನ ಇನ್ಯಾವ ಹಡಗನ್ನೂ ಮುಟ್ಟಲ್ಲ, ನೀರೊಳಗೆ ಬಚ್ಚಿಟ್ಕೊಂಡು ಕೂತ ಯು-ಬೋಟ್ ಕಾನ್ವಾಯ್‌ನ ಹಿಂಬಾಲಿಸೋಕಾಗಲ್ಲ. ಎಷ್ಟು ಮುಳುಗಿಸಿದ್ರು ಅಂತ ಕೇಳೋಕಿಂತ ಎಷ್ಟು ಸರಕು ಹಡಗು ಲಿವರ್‌ಪೂಲ್ ಮುಟ್ಟಿದ್ವು ಅಂತ ಕೇಳ್ಬೇಕು. ಅದರಲ್ಲೂ ಕಾರ್ವೆಟ್‌ನ ವೇಗ 16 ನಾಟ್ (ಗಂಟೆಗೆ ಸುಮಾರು 30 ಕಿಲೋಮೀಟರ್), ನೀರಿನ ಮೇಲೆ ಓಡೋ ಯು-ಬೋಟ್‌ದು 17ರ ಆಸುಪಾಸು, ಬೆನ್ನಟ್ಟಿದ್ರೂ ಹಿಡಿಯೋಕಾಗದ ಹಡಗಲ್ಲಿ ಈ ಹುಡುಗರು ವರ್ಷಗಟ್ಟಲೆ ಕಾವಲು ಕಾದ್ರು.

1943ರ ಸೆಪ್ಟೆಂಬರ್ ಕಥೆ ಕೇಳಿ ನನ್ನ ಹೆಂಡ್ತಿ ಡೆಕ್ ಮೇಲೇ ಕೂತ್ಬಿಟ್ಳು. ಓಎನ್‌ಎಸ್ 18, ಓಎನ್ 202 ಕಾನ್ವಾಯ್‌ಗಳ ಮೇಲೆ ಜರ್ಮನ್ನರು ಹಡಗಿನ ಸದ್ದು ಕೇಳಿ ಹಿಂಬಾಲಿಸೋ ಹೊಸ ಟಾರ್ಪಿಡೋ ಬಿಟ್ರು. ಸ್ಯಾಕ್‌ವಿಲ್ ಇದ್ದ ಗುಂಪಿನ ಡಿಸ್ಟ್ರಾಯರ್ ಸೇಂಟ್ ಕ್ರಾಯ್ ಮುಳುಗ್ತು. ನೀರಲ್ಲಿದ್ದ ಎಂಬತ್ತರಷ್ಟು ಜನರನ್ನ ಇಚೆನ್ ಅನ್ನೋ ಬ್ರಿಟಿಷ್ ಫ್ರಿಗೇಟ್ ಎತ್ಕೊಳ್ತು. ಎರಡು ಮೂರು ದಿನಕ್ಕೆ ಇಚೆನ್‌ಗೂ ಟಾರ್ಪಿಡೋ. ಆ ಎರಡೂ ಹಡಗಿನವ್ರು ಸೇರಿ, ಇಚೆನ್‌ನಿಂದ ಬದುಕಿದ್ದು ಮೂರೇ ಜನ, ಅದರಲ್ಲಿ ಸೇಂಟ್ ಕ್ರಾಯ್‌ನವ್ರು ಒಬ್ಬರೇ.

ಮಾವ ಎಲ್ಲಿ ಅಂತ ನೋಡಿದ್ರೆ ಎಂಜಿನ್ ರೂಮ್ ಬಿಟ್ಟು ಬಂದೇ ಇಲ್ಲ. ಏಣಿ ಕಡಿದಾಗಿದೆ, ಮಂಡಿ ನೋವಿದ್ರೂ ಇಳಿದಿದ್ರು. ಟ್ರಿಪಲ್ ಎಕ್ಸ್‌ಪಾನ್ಷನ್ ಎಂಜಿನ್, 2,750 ಅಶ್ವಶಕ್ತಿ, ಒಂದೇ ಪ್ರೊಪೆಲ್ಲರ್. ಬಾಯ್ಲರ್‌ನಿಂದ ಬಂದ ಹಬೆ ಮೊದಲು ಸಣ್ಣ ಸಿಲಿಂಡರ್‌ನ ತಳ್ಳಿ, ಒತ್ತಡ ಸ್ವಲ್ಪ ಇಳಿದ ಮೇಲೆ ಅದಕ್ಕಿಂತ ದೊಡ್ಡದನ್ನ, ಆಮೇಲೆ ಇನ್ನೂ ದೊಡ್ಡದನ್ನ, ಹೀಗೆ ಒಂದೇ ಹಬೆ ಮೂರು ಸಲ ದುಡಿಯುತ್ತೆ. ಮಾವ ಕನೆಕ್ಟಿಂಗ್ ರಾಡ್ ಪಕ್ಕ ಬಗ್ಗಿ, ಬೇರಿಂಗ್ ಮೇಲಿರೋ ಎಣ್ಣೆ ಬಟ್ಟಲನ್ನ ತೋರ್ಸಿ ನನಗೆ ಪಾಠ ಮಾಡಿದ್ರು. "ನೋಡಿ, ಎಂಜಿನ್ ಓಡ್ತಿರೋವಾಗ್ಲೇ ಕೈ ಒಳಗೆ ಹಾಕಿ ಬೇರಿಂಗ್ ಬಿಸಿಯಾಗಿದ್ಯಾ ಅಂತ ಮುಟ್ಟಿ ನೋಡ್ಬೇಕು, ರಾಡ್ ಬರೋ ತಾಳಕ್ಕೆ ಕೈ ಹೋಗಿ ಬರ್ಬೇಕು, ನಾವು ವರ್ಕ್‌ಶಾಪಲ್ಲಿ ನಿಂತ ನೆಲದ ಮೇಲೆ ಮಾಡ್ತಿದ್ವಿ, ಇವ್ರು ಅಲೆ ಮೇಲೆ ಮಾಡಿದಾರೆ." ಕಲ್ಲಿದ್ದಲು ಎಲ್ಲಿ ತುಂಬ್ತಿದ್ರು ಅಂತ ಅವ್ರು ಕೇಳಿದ್ದಕ್ಕೆ ಗೈಡ್, ಇದು ಎಣ್ಣೆ ಉರಿಸೋ ಬಾಯ್ಲರ್ ಅಂದ್ರು. ಆಮೇಲೆ ಅವರಿಬ್ಬರ ನಡುವೆ ನನ್ನ ಅನುವಾದಾನೂ ಬೇಕಾಗ್ಲಿಲ್ಲ, ಬೆರಳು ತೋರಿಸ್ತಾ ಮಾತಾಡ್ಕೊಂಡು ನಿಂತ್ರು.

ಈ ಹಡಗು ಉಳಿದಿದ್ದು ಹೇಗೆ ಅನ್ನೋದೂ ಅಲ್ಲೇ ಗೊತ್ತಾಗಿದ್ದು. 1944ರಲ್ಲಿ ಗಾಲ್ವೆಸ್ಟನ್ ರಿಪೇರಿ ಮುಗಿಸ್ಕೊಂಡು ಬಂದ ಮೇಲೆ ಒಂದು ಬಾಯ್ಲರ್ ಕೆಟ್ಟು, ಬೆಂಗಾವಲು ಕೆಲಸಕ್ಕೆ ಆಗಲ್ಲ ಅಂತ ತೀರ್ಮಾನ ಆಯ್ತು. ಸ್ವಲ್ಪ ಕಾಲ ಟ್ರೈನಿಂಗ್‌ಗೆ ಬಳಸಿ, ಆಮೇಲೆ ಆ ಬಾಯ್ಲರ್ ಕಿತ್ತು, ಬಂದರಿನ ಬಾಯಲ್ಲಿ ಸಬ್‌ಮರೀನ್ ಬಂದ್ರೆ ಪತ್ತೆ ಹಚ್ಚೋ ಕೇಬಲ್ ಹಾಸೋ ಹಡಗು ಮಾಡಿದ್ರು. ಯುದ್ಧ ಮುಗಿದ ಮೇಲೆ ಉಳಿದ ಕಾರ್ವೆಟ್‌ಗಳು ಗುಜರಿಗೆ, ಇಲ್ಲಾ ಬೇರೆಯವ್ರಿಗೆ ಮಾರಾಟ. ಇದು ಮಾತ್ರ ಕೇಬಲ್ ಕೆಲಸಕ್ಕೆ ಬರುತ್ತೆ ಅಂತ ನೌಕಾಪಡೆ ಹತ್ರಾನೇ ಉಳೀತು, 1950ರ ದಶಕದಿಂದ 1982ರವರೆಗೂ ವಿಜ್ಞಾನಿಗಳ ಸಂಶೋಧನಾ ಹಡಗಾಗಿ ದುಡೀತು. 1983ರಲ್ಲಿ ಕೆನಡಿಯನ್ ನೇವಲ್ ಮೆಮೋರಿಯಲ್ ಟ್ರಸ್ಟ್ ತಗೊಂಡು ಯುದ್ಧಕಾಲದ ರೂಪಕ್ಕೆ ತಂದ್ರು, 1985ರಲ್ಲಿ ಇದನ್ನೇ ಕೆನಡಾದ ನೌಕಾ ಸ್ಮಾರಕ ಅಂತ ಘೋಷಿಸಿದ್ರು. ಬಾಯ್ಲರ್ ಕೈಕೊಡದೇ ಇದ್ದಿದ್ರೆ ಇವತ್ತು ಒಂದೂ ಇರ್ತಿರ್ಲಿಲ್ಲ. ಮಾವ ಆ ಖಾಲಿ ಜಾಗ ನೋಡ್ಕೊಂಡು ಬಹಳ ಹೊತ್ತು ನಿಂತಿದ್ರು.

ಮ್ಯಾರಿಟೈಮ್ ಮ್ಯೂಸಿಯಂಗೆ ಸಂಜೆ ಒಂದು ಗಂಟೆ ಅಷ್ಟೇ ಸಿಕ್ತು. 1917ರ ಡಿಸೆಂಬರ್ 6ರ ಹ್ಯಾಲಿಫ್ಯಾಕ್ಸ್ ಸ್ಫೋಟದ ವಿಭಾಗ ಚೆನ್ನಾಗಿದೆ, ಅದಕ್ಕೆ ಪ್ರತ್ಯೇಕ ದಿನ ಇಟ್ಕೊಳ್ಳಿ.

ಸೋಮವಾರ

ಬೆಳಗ್ಗೆ ಪಾಯಿಂಟ್ ಪ್ಲೆಸೆಂಟ್ ಪಾರ್ಕ್. ಬಂದರಿನ ಬಾಯಿಗೆ ಮುಖ ಮಾಡಿರೋ ದೊಡ್ಡ ಗ್ರಾನೈಟ್ ಶಿಲುಬೆ, ಸುತ್ತ ಕಂಚಿನ ಫಲಕಗಳು, ಸಮುದ್ರದಲ್ಲೇ ಹೋಗಿ ಸಮಾಧಿ ಅಂತ ಇಲ್ಲದ 3,000ಕ್ಕೂ ಹೆಚ್ಚು ಹೆಸರು. ಮೊದಲ ಯುದ್ಧದಲ್ಲಿ ಲ್ಯಾಂಡೋವರಿ ಕ್ಯಾಸಲ್ ಆಸ್ಪತ್ರೆ ಹಡಗು ಮುಳುಗಿ ತೀರ್ಕೊಂಡ 14 ನರ್ಸ್‌ಗಳ ಹೆಸರೂ ಇಲ್ಲೇ ಇವೆ. ಎರಡನೇ ಯುದ್ಧದ ಫಲಕದಲ್ಲಿ ಸೇಂಟ್ ಕ್ರಾಯ್ ಅಂತ ಇರೋ ಕಡೆ ಹೆಸರುಗಳು ಮುಗಿಯೋದೇ ಇಲ್ಲ. ಎಸ್ಕ್ವಿಮಾಲ್ಟ್ ಅನ್ನೋ ಮೈನ್‌ಸ್ವೀಪರ್ (ಸಮುದ್ರದಲ್ಲಿ ಇಟ್ಟಿರೋ ಮೈನ್ ತೆಗೆಯೋ ಹಡಗು) 1945ರ ಏಪ್ರಿಲ್ 16ಕ್ಕೆ, ಯುದ್ಧ ಮುಗಿಯೋಕೆ ಮೂರು ವಾರ ಇರೋವಾಗ, ಇದೇ ಬಂದರಿನ ಹೊರಗೆ ಮುಳುಗ್ತು. ಹಡಗು ಮುಳುಗ್ದಾಗ ಬದುಕಿದ್ದ ಎಷ್ಟೋ ಜನ ತೆಪ್ಪ ಹಿಡ್ಕೊಂಡು ಗಂಟೆಗಟ್ಟಲೆ ಕಾದು ಚಳಿಗೇ ಹೋದ್ರು, ಒಟ್ಟು 44 ಜನ.

ಪ್ರತೀ ವರ್ಷ ಮೇ ತಿಂಗಳ ಮೊದಲ ಭಾನುವಾರ ಅಟ್ಲಾಂಟಿಕ್ ಕಾಳಗದ ನೆನಪಿನ ದಿನ. ತೀರಿಹೋದ ಹಳೇ ನಾವಿಕರ ಬೂದಿಯನ್ನ ಮನೆಯವ್ರು ಕೊಟ್ಟಿದ್ರೆ ಅವತ್ತು ಸ್ಯಾಕ್‌ವಿಲ್ ಡೆಕ್ ಮೇಲಿಂದ ಈ ನೀರಿಗೆ ಬಿಡ್ತಾರೆ. ಮಾವ ಇದನ್ನ ಕೇಳಿ, "ನಮ್ಮಲ್ಲಿ ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಬಿಡಲ್ವಾ, ಅವ್ರು ದುಡಿದ ನೀರಿಗೆ ಅವ್ರು ಹೋಗ್ತಾರೆ" ಅಂದ್ರು.

ಒಂದು ವಿಷಯ ಮಾತ್ರ ಇಲ್ಲಿ ಹೇಳ್ಲೇಬೇಕು. ಬ್ರಿಟಿಷ್ ಸರಕು ಹಡಗುಗಳ ಎಂಜಿನ್ ರೂಮಲ್ಲಿ, ಡೆಕ್ ಮೇಲೆ ನಮ್ಮ ದೇಶದ ಸಾವಿರಾರು ಖಲಾಸಿಗಳಿದ್ರು. ಸಮುದ್ರದಲ್ಲೇ ಹೋದ ಭಾರತೀಯ ಸರಕು ನಾವಿಕರ ಸುಮಾರು 6,000 ಹೆಸರಿರೋ ಪುಸ್ತಕಗಳು ಮುಂಬೈಯಲ್ಲೂ ಚಿತ್ತಗಾಂಗ್‌ನಲ್ಲೂ ಇವೆ. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಈ ಕಾರ್ವೆಟ್‌ಗಳು ಕಾದಿದ್ದು ಅವ್ರನ್ನೂ.

ಮಧ್ಯಾಹ್ನ ಸಿಟಾಡೆಲ್ ಗುಡ್ಡದಲ್ಲಿ 12 ಗಂಟೆ ತೋಪು ಕೇಳಿ, ಬೆಡ್‌ಫರ್ಡ್ ಬೇಸಿನ್ ಕಡೆ ಹೋದ್ವಿ. ಬಂದರಿನ ಒಳಗಡೆ ಇರೋ ಅಗಲವಾದ ನೀರು, ಮೂರು ಕಡೆ ಗುಡ್ಡ, ಕಾನ್ವಾಯ್ ಹಡಗುಗಳೆಲ್ಲ ಇಲ್ಲಿ ಸೇರಿ ಸಾಲಾಗಿ ಇಕ್ಕಟ್ಟಾದ ಬಾಯಿ ದಾಟಿ ಹೊರಗೆ ಹೋಗ್ತಿದ್ವು. ಮೊದಲನೇದು ಎಚ್‌ಎಕ್ಸ್ 1, 1939ರ ಸೆಪ್ಟೆಂಬರ್ 16ಕ್ಕೆ. ಆಮೇಲೆ ಯುದ್ಧ ಮುಗಿಯೋವರೆಗೂ ನಿಲ್ಲಲೇ ಇಲ್ಲ. 6 ಡಿಸ್ಟ್ರಾಯರ್ ಇದ್ದ ನೌಕಾಪಡೆ ಕೊನೆಗೆ ಸುಮಾರು 400 ಹಡಗಿನದ್ದಾಯ್ತು, ಅದರಲ್ಲಿ ಕಾರ್ವೆಟ್‌ಗಳೇ 120ಕ್ಕೂ ಜಾಸ್ತಿ.

ಹೋಗೋರಿಗೆ: ಸ್ಯಾಕ್‌ವಿಲ್ ಬೇಸಿಗೇಲಿ ಮಾತ್ರ ವಾಟರ್‌ಫ್ರಂಟ್‌ನಲ್ಲಿ ಇರುತ್ತೆ, ಚಳಿಗಾಲಕ್ಕೆ ನೌಕಾನೆಲೆ ಒಳಗೆ ಹೋಗುತ್ತೆ, ಹಡಗಿನ ತಳ ಹಳೇದಾಗಿರೋದ್ರಿಂದ ರಿಪೇರಿ ಇದ್ದಾಗ್ಲೂ ಅಲ್ಲೇ, ಹಾಗಾಗಿ ಹೊರಡೋ ಮುಂಚೆ ವಿಚಾರಿಸ್ಕೊಳ್ಳಿ. ಏಣಿಗಳು ಕಡಿದು, ಒಳ್ಳೇ ಹಿಡಿತ ಇರೋ ಶೂ ಹಾಕ್ಕೊಳ್ಳಿ. ಕನಿಷ್ಠ ಅರ್ಧ ದಿನ ಇಟ್ಕೊಳ್ಳಿ, ಗೈಡ್‌ಗಳ ಹತ್ರ ಕೂತು ಮಾತಾಡಿ, ಅವ್ರಲ್ಲಿ ಬಹಳಷ್ಟು ಜನ ಸಂಬಳ ಇಲ್ಲದೆ ಈ ಹಡಗನ್ನ ನೋಡ್ಕೊಳ್ತಿರೋರು. ಹೊರಗೆ ದೇಣಿಗೆ ಡಬ್ಬಿ ಇತ್ತು, ಮಾವ ತಮ್ಮ ಪೆನ್ಷನ್ ದುಡ್ಡಲ್ಲಿ ಬದಲಾಯಿಸ್ಕೊಂಡು ತಂದಿದ್ದ ಡಾಲರ್ ನೋಟೊಂದನ್ನ ಅದರಲ್ಲಿ ಹಾಕಿದ್ರು.